ಕಾಲು ಎಡಕ್ಕೆ, ಮೈ ನೇರಕ್ಕೆ

ಎರಡೂ ಕಾಲನ್ನು ಒಂದೇ ಬದಿಗೆ ಇಳಿಬಿಟ್ಟು ಕುದುರೆ ಏರಿದ ಹೆಂಗಸಿನ ಚಿತ್ರ ಕಂಡರೆ ನಮಗೆ ಸ್ಕೂಟರಿನ ಹಿಂದೆ ಸೀರೆಯುಟ್ಟು ಅಡ್ಡ ಕೂರುವ ಭಂಗಿ ನೆನಪಾಗುತ್ತದೆ. ಇಂಗ್ಲೆಂಡಿನ ಹಳ್ಳಿಯೊಂದರ ಲಾಯದಲ್ಲಿ ಮೊದಲ ಸಲ ಸೈಡ್ ಸ್ಯಾಡಲ್ ಏರಿದಾಗ ನನ್ನ ತಲೆಯಲ್ಲಿದ್ದದ್ದೂ ಅದೇ. ಹತ್ತು ನಿಮಿಷದಲ್ಲಿ ಆ ಹೋಲಿಕೆ ಸುಳ್ಳಾಯಿತು. ಪಕ್ಕಕ್ಕೆ ಹೋಗುವುದು ಕಾಲು ಮಾತ್ರ. ಸೊಂಟ, ಎದೆ, ಹೆಗಲು ಎಲ್ಲವೂ ಕುದುರೆಯ ಎರಡು ಕಿವಿಗಳ ನಡುವೆ ಕಾಣುವ ದಾರಿಗೇ ಎದುರಾಗಿರಬೇಕು.

ಈ ಜೀನಿನ ಗುಟ್ಟೆಲ್ಲ ಅದರ ಎರಡು ಕೊಂಬುಗಳಲ್ಲಿದೆ. ಬಲತೊಡೆ ಮೇಲಿನ ಕೊಂಬನ್ನು ಬಳಸಿ ಬರುತ್ತದೆ. ಸವಾರಳ ಭಾರ ನಿಲ್ಲುವುದು ಈ ತೊಡೆಯ ಮೇಲೆ. ಕೆಳಗಿನ ಕೊಂಬು ಎಡತೊಡೆಯ ಮೇಲೆ ಬಾಗಿಕೊಂಡಿರುತ್ತದೆ. ಕುದುರೆ ಬೆದರಿದರೆ ಎಡ ಹಿಮ್ಮಡಿಯನ್ನು ಎತ್ತಿ ತೊಡೆಯನ್ನು ಮೇಲಕ್ಕೆ, ಬಲಗಾಲನ್ನು ಕೆಳಕ್ಕೆ ಒತ್ತಬೇಕು. ಆಗ ಕತ್ತರಿಯ ಹಾಗೆ ಹಿಡಿತ ಬೀಳುತ್ತದೆ. ಮಿಕ್ಕ ಹೊತ್ತೆಲ್ಲ ಎಡತೊಡೆಗೂ ಕೊಂಬಿಗೂ ನಡುವೆ ಸ್ವಲ್ಪ ಜಾಗ ಬಿಟ್ಟಿರಬೇಕು. ರಿಕಾಬು ಒಂದೇ, ಎಡಗಾಲಿಗೆ. ಬಲಬದಿಯಲ್ಲಿ ಕಾಲಿನ ಕೆಲಸ ಮಾಡುವುದು ಉದ್ದನೆಯ ಬೆತ್ತ.

ಕಲಿಸಿದಾಕೆ ನನ್ನ ಎದುರಿಗೆ ನಿಲ್ಲಲಿಲ್ಲ, ಕುದುರೆಯ ಬಾಲದ ಹಿಂದೆ ಅಳತೆಯ ದೂರದಲ್ಲಿ ನಡೆದು ಬಂದರು. ನನ್ನ ಬೆನ್ನುಮೂಳೆ ಕುದುರೆಯ ಬೆನ್ನುಮೂಳೆಯ ಮೇಲೇ ನಿಂತಿದೆಯೇ ಎಂದು ನೋಡಬೇಕಾದರೆ ಅಲ್ಲಿಂದಲೇ ನೋಡಬೇಕು. ಕಾಲು ಎಡಕ್ಕೆ ಹೋದ ಕೂಡಲೇ ಬಲಹೆಗಲು ತಾನಾಗಿ ಮುಂದಕ್ಕೆ ಬರುತ್ತದೆ. ಬಲಹೆಗಲು ಹಿಂದೆ, ಬಲಹೆಗಲು ಹಿಂದೆ ಎಂದು ಆಕೆ ಒಂದೇ ಸಮನೆ ಹೇಳುತ್ತಿದ್ದರು. ಹಿಂದಕ್ಕೆ ತಂದ ಗಳಿಗೆಯಲ್ಲೇ ಕುದುರೆಯ ನಡೆ ಹಗುರಾಯಿತು. ಅದರ ಬೆನ್ನಿಗೆ ಆದ ನಿರಾಳ ನನ್ನ ತೊಡೆಗೆ ಗೊತ್ತಾಯಿತು. ಕ್ಯಾಂಟರ್ ಎಂಬ ಹದವಾದ ಓಟದಲ್ಲಂತೂ ಇಷ್ಟು ಆಳವಾದ, ಭದ್ರವಾದ ಆಸನವನ್ನು ಎರಡೂ ಕಡೆ ಕಾಲು ಹಾಕಿ ಸವಾರಿ ಮಾಡಿದ ಇಷ್ಟು ವರ್ಷಗಳಲ್ಲಿ ನಾನು ಕಂಡಿರಲಿಲ್ಲ.

ಯುರೋಪಿನಲ್ಲಿ ಇದು ಹುಟ್ಟಿದ್ದು ಉದ್ದ ಲಂಗದ ಸಲುವಾಗಿ. ಮೊದಮೊದಲು ಹೆಂಗಸರು ಕಾಲಿಡಲು ಹಲಗೆಯಿದ್ದ ಪೀಠದ ಮೇಲೆ ಅಡ್ಡ ಕೂರುತ್ತಿದ್ದರು, ಲಗಾಮು ಬೇರೆಯವರ ಕೈಯಲ್ಲಿರುತ್ತಿತ್ತು. 1830ರ ಸುಮಾರಿಗೆ ಕೆಳಗಿನ ಕೊಂಬು ಬಂದ ಮೇಲೆಯೇ ಅವರು ಬೇಲಿ, ಹಳ್ಳಗಳನ್ನು ಧೈರ್ಯವಾಗಿ ಹಾರಿಸತೊಡಗಿದ್ದು. ಕಚ್ಚೆ ಸೀರೆಯ ನಮ್ಮ ನಾಡಿಗೆ ಇದರ ಅಗತ್ಯ ಬೀಳಲಿಲ್ಲ. ಪ್ರತಿಮೆಗಳಲ್ಲಿ ಕಿತ್ತೂರು ಚೆನ್ನಮ್ಮ ಕೂತಿರುವ ರೀತಿಯನ್ನು ನೆನೆಸಿಕೊಂಡರೆ ಸಾಕು.

ಇದನ್ನು ಬರೀ ಅಲಂಕಾರದ ಭಂಗಿ ಎನ್ನುವವರಿಗೆ ನಾನು ಹೇಳುವುದು 1981ರ ಜೂನ್ ತಿಂಗಳ ಲಂಡನ್ನಿನ ಸಂಗತಿ. ಪ್ರತಿವರ್ಷದ ಸೇನಾ ಮೆರವಣಿಗೆಯಲ್ಲಿ ರಾಣಿ ಎರಡನೇ ಎಲಿಜಬೆತ್ ಬರ್ಮೀಸ್ ಎಂಬ ಕಪ್ಪು ಹೆಣ್ಣುಕುದುರೆಯ ಮೇಲೆ ಸೈಡ್ ಸ್ಯಾಡಲ್‌ನಲ್ಲಿ ಬರುತ್ತಿದ್ದಾಗ ಗುಂಪಿನಿಂದ ಯುವಕನೊಬ್ಬ ಆರು ಹುಸಿಗುಂಡು ಹಾರಿಸಿದ. ಕುದುರೆ ಬೆಚ್ಚಿತು. ರಾಣಿ ಕದಲದೆ ಕೂತು, ಅದನ್ನು ಹತೋಟಿಗೆ ತಂದು, ಕುತ್ತಿಗೆ ತಟ್ಟಿ ಮುಂದೆ ಸಾಗಿದರು. ಆಗ ಅವರಿಗೆ 55 ವರ್ಷ. 1986ರವರೆಗೂ ಅದೇ ಕುದುರೆಯ ಮೇಲೆ ಆ ಮೆರವಣಿಗೆಗೆ ಬಂದರು.

ಇವತ್ತು ಒಂದು ಕಾಲು ಕಳೆದುಕೊಂಡವರಲ್ಲೂ ಕೆಲವರು ಈ ಜೀನನ್ನು ಆರಿಸಿಕೊಳ್ಳುತ್ತಾರೆ. ನನಗೆ ಇದರ ಮೇಲಿನ ಗೌರವ ಹೆಚ್ಚಿಸಿದ ವಿಷಯ ಅದು.

ಕಲಿಯುವ ಆಸೆಯಿದ್ದವರು ಮೊದಲು ಮಾಮೂಲಿ ಜೀನಿನಲ್ಲಿ ಕ್ಯಾಂಟರ್‌ವರೆಗೆ ಪಳಗಿ. ಹಳೆಯ ಸೈಡ್ ಸ್ಯಾಡಲ್ ಕೈಗೆ ಸಿಕ್ಕರೆ ಅದರ ಚೆಲುವಿಗೆ ಮರುಳಾಗಿ ಕೊಳ್ಳಬೇಡಿ. ಕುದುರೆಯ ಬೆನ್ನಿಗೆ ಹೊಂದದಿದ್ದರೆ ಅದು ಎಡಕ್ಕೆ ಜಾರಿ ಹೆಗಲ ಮೇಲೆ ಹುಣ್ಣು ಮಾಡುತ್ತದೆ. ಮೊದಲು ಕುದುರೆಯ ಬೆನ್ನಿನ ಅಳತೆ ತೆಗೆಸಿ, ಆಮೇಲೆ ನಿಮ್ಮ ತೊಡೆಯದು.