ಹಾಡಿಗೆಂದೇ ಬಂದ ಸ್ಲೈಡ್ ಫೋನ್: ಒಂದು ಮೌಲ್ಯಮಾಪನ

ನಿಮ್ಮ ಮನೆಯ ಮೇಜಿನ ಖಾನೆಯಲ್ಲಿ ಹಳೆಯ ಮೊಬೈಲ್ ಫೋನ್ ಒಂದು ಬಿದ್ದಿರಬಹುದು. ಮುಂಭಾಗವನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದೊಡನೆ ಅಂಕಿಗಳ ಕೀಲಿಗಳು ಕಾಣಿಸಿಕೊಳ್ಳುವ ಬಗೆಯದು ಅದಾಗಿದ್ದರೆ, ಎಸೆಯುವ ಮುನ್ನ ಸ್ವಲ್ಪ ತಾಳಿ. ಭೌತವಿಜ್ಞಾನದ ಹಲವು ಪಾಠಗಳು ಅದರೊಳಗೆ ಅಡಗಿವೆ. ಒಂದು ಉಪಕರಣವನ್ನು ಹೇಗೆ ಅಳೆದು ನೋಡಬೇಕು ಎಂಬ ಪಾಠವೂ ಅದರಲ್ಲಿದೆ.

ಇಲ್ಲಿ ಪರಿಶೀಲನೆಗೆ ಆರಿಸಿಕೊಂಡಿರುವುದು ಸೋನಿ ಎರಿಕ್ಸನ್ ಡಬ್ಲ್ಯು580. ಇದನ್ನು ಪ್ರಕಟಿಸಿದ್ದು 2007ರಲ್ಲಿ. ಜಪಾನಿನ ಸೋನಿ ಮತ್ತು ಸ್ವೀಡನ್ನಿನ ಎರಿಕ್ಸನ್ 2001ರಲ್ಲಿ ಕೂಡಿ ಕಟ್ಟಿದ್ದ ಈ ಸಂಸ್ಥೆ 2012ರಲ್ಲಿ ಸೋನಿಯ ಪಾಲಾಯಿತು. 1979ರಲ್ಲಿ ಕ್ಯಾಸೆಟ್ ಯಂತ್ರಕ್ಕೆ ಇಟ್ಟಿದ್ದ ‘ವಾಕ್‌ಮನ್’ ಎಂಬ ಹೆಸರು 2005ರಲ್ಲಿ ಡಬ್ಲ್ಯು800ರ ಮೂಲಕ ಫೋನಿಗೂ ಬಂತು. ಡಬ್ಲ್ಯು580 ಅದೇ ಸಾಲಿನದು: ತೂಕ 94 ಗ್ರಾಂ, ದಪ್ಪ 14 ಮಿ.ಮೀ., 2 ಅಂಗುಲದ ತೆರೆ, 2 ಮೆಗಾಪಿಕ್ಸೆಲ್ ಕ್ಯಾಮೆರಾ. ಇದಕ್ಕೆ ಸ್ವಲ್ಪ ಮೊದಲು, 2006ರಲ್ಲಿ ಬಂದ ನೋಕಿಯಾ 5300 ಸಹ ಹಾಡಿಗೆಂದೇ ರೂಪಿಸಿದ ಸ್ಲೈಡ್ ಫೋನ್. ಅದರ ದಪ್ಪ 20 ಮಿ.ಮೀ.ಗೂ ಹೆಚ್ಚು.

ಇಂಥ ಅಂಕಿಗಳ ಪಟ್ಟಿಯನ್ನೇ ವಿಮರ್ಶೆ ಎಂದು ತಿಳಿಯುವ ರೂಢಿ ನಮ್ಮಲ್ಲಿದೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಹಾಡನ್ನು ಕಿವಿಗೆ ತಲುಪಿಸುವ ಕೆಲಸವನ್ನು ಇದು ಎಷ್ಟು ಚೆನ್ನಾಗಿ ಮಾಡಿತು? ಎಷ್ಟು ಕಾಲ ಮಾಡಬಲ್ಲದಾಗಿತ್ತು?

ಎಷ್ಟು ಹಾಡು ಹಿಡಿಯುತ್ತದೆ?

ಇದರೊಂದಿಗೆ ಹಲವು ಕಡೆ 512 ಮೆಗಾಬೈಟ್‌ನ ಕಾರ್ಡನ್ನು ಕೊಡುತ್ತಿದ್ದರು. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್, ಎಡ ಮತ್ತು ಬಲ ಎರಡು ವಾಹಿನಿಗಳು. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಎಂಪಿ3 ವಿಧಾನದಲ್ಲಿ ಇದನ್ನು 1,28,000 ಬಿಟ್‌ಗೆ ಇಳಿಸಿದರೆ ಕಡತ ಸುಮಾರು ಹನ್ನೊಂದು ಪಟ್ಟು ಕಿರಿದಾಗುತ್ತದೆ. ಆಗ ನಾಲ್ಕು ನಿಮಿಷದ ಹಾಡಿಗೆ 3.84 ಮೆಗಾಬೈಟ್ ಸಾಕು. ಕಾರ್ಡಿನಲ್ಲಿ ಸುಮಾರು 130 ಹಾಡುಗಳು ಹಿಡಿಯುತ್ತವೆ.

ಉಳಿದ ಬಿಟ್‌ಗಳು ಎಲ್ಲಿಗೆ ಹೋದವು? ದೊಡ್ಡ ಸದ್ದಿನ ಪಕ್ಕದಲ್ಲಿ ಅದೇ ಆವೃತ್ತಿಯ ಆಸುಪಾಸಿನ ಸಣ್ಣ ಸದ್ದು ನಮಗೆ ಕೇಳಿಸುವುದಿಲ್ಲ. ಎಂಪಿ3 ಕಿವಿಯ ಈ ಮಿತಿಯನ್ನು ಬಳಸಿಕೊಂಡು ಕೇಳಿಸದ ಅಂಶಗಳನ್ನು ಬಿಟ್ಟುಬಿಡುತ್ತದೆ. ಬಿಟ್ ದರವನ್ನು ತೀರ ಇಳಿಸಿದರೆ ಕೇಳಿಸಬೇಕಾದುದೂ ಹೋಗುತ್ತದೆ. ತಾಳದ ಕಿಣಿಕಿಣಿ, ತಂಬೂರಿಯ ಮೇಲಿನ ಸ್ವರಾಂಶಗಳು ಮೊದಲು ಮಂಕಾಗುತ್ತವೆ. ಆದ್ದರಿಂದ ‘ಈ ಫೋನಿನ ಧ್ವನಿ ಚೆನ್ನಾಗಿಲ್ಲ’ ಎಂದು ತೀರ್ಪು ಕೊಡುವ ಮೊದಲು, ತಪ್ಪು ಫೋನಿನದೋ ಕಡತದ್ದೋ ಎಂದು ವಿಚಾರಿಸಬೇಕು. ಒಳ್ಳೆಯ ಕಡತ ಹಾಕಿ ಒಳ್ಳೆಯ ಇಯರ್‌ಫೋನ್ ಜೋಡಿಸಿದರೆ, ಹಾಡು ಕೇಳಿಸುವ ಕೆಲಸದಲ್ಲಿ ಈ ಫೋನನ್ನು ದೂರಲು ಹೆಚ್ಚೇನೂ ಇರಲಿಲ್ಲ.

ಕುಲುಕಿದರೆ ಹಾಡು ಬದಲು

ಡಬ್ಲ್ಯು580ರ ವಿಶೇಷ ಇದು. ವಾಕ್‌ಮನ್ ಗುಂಡಿಯನ್ನು ಒತ್ತಿ ಹಿಡಿದು ಮಣಿಕಟ್ಟನ್ನು ಝಾಡಿಸಿದರೆ ಮುಂದಿನ ಹಾಡು ಬರುತ್ತದೆ. ಇದರ ಹಿಂದಿರುವುದು ವೇಗೋತ್ಕರ್ಷ ಸಂವೇದಕ. ಇಂಥ ಸಂವೇದಕಗಳಲ್ಲಿ ಸಾಮಾನ್ಯವಾಗಿ ಸಿಲಿಕಾನ್‌ನ ಅತಿ ಸಣ್ಣ ತುಣುಕೊಂದು ಸಿಲಿಕಾನ್‌ನದೇ ಸ್ಪ್ರಿಂಗುಗಳಿಗೆ ತೂಗಿಕೊಂಡಿರುತ್ತದೆ. ಫೋನನ್ನು ಥಟ್ಟನೆ ಸರಿಸಿದಾಗ ಜಡತ್ವದಿಂದ ಆ ತುಣುಕು ಹಿಂದುಳಿಯುತ್ತದೆ. ಪಕ್ಕದ ಫಲಕಕ್ಕೂ ಅದಕ್ಕೂ ನಡುವಿನ ಅಂತರ ಬದಲಾಗಿ, ವಿದ್ಯುತ್ ಧಾರಕತೆ ಬದಲಾಗುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವ ತತ್ತ್ವವೇ ಇಲ್ಲೂ ಇದೆ.

ಗುಂಡಿ ಒತ್ತಿ ಹಿಡಿದಿರಬೇಕು ಎಂಬ ನಿಯಮ ವಿನ್ಯಾಸಕಾರರ ಜಾಣತನವನ್ನು ತೋರುತ್ತದೆ. ಅದಿಲ್ಲದಿದ್ದರೆ ರಸ್ತೆಯ ಪ್ರತಿ ಗುಂಡಿಗೂ ಹಾಡು ಬದಲಾಗುತ್ತಿತ್ತು! ಫೋನಿನಲ್ಲಿ ಹೆಜ್ಜೆ ಎಣಿಸುವ ಸೌಲಭ್ಯವೂ ಇದೆ. ನೂರು ಹೆಜ್ಜೆ ಎಣಿಸಿ ನಡೆದು, ಫೋನ್ ಎಷ್ಟು ಹೇಳುತ್ತದೆ ನೋಡಿ. ಜೇಬಿನಲ್ಲಿಟ್ಟಾಗ ಮತ್ತು ಕೈಯಲ್ಲಿ ಹಿಡಿದಾಗ ಉತ್ತರ ಬೇರೆಯಾಗುತ್ತದೆಯೇ? ದೋಷದ ಶೇಕಡಾ ಪ್ರಮಾಣವನ್ನು ಕಂಡುಹಿಡಿಯಲು ಇದಕ್ಕಿಂತ ಸುಲಭದ ಪ್ರಯೋಗ ಸಿಗದು.

ದುರ್ಬಲವಾದುದು ಜೋಡಣೆ

ಹಾಗಾದರೆ ಕೊರತೆ ಎಲ್ಲಿ? ಒಂದು ಭಾಗ ಇನ್ನೊಂದನ್ನು ಸೇರುವ ಕಡೆಗಳಲ್ಲಿ.

ಮೊದಲನೆಯದು ಜಾರುವ ಭಾಗ. ತೆರೆ ಮೇಲಿನ ಅರ್ಧದಲ್ಲಿ, ಅಂಕಿಗಳ ಕೀಲಿಗಳು ಕೆಳಗಿನ ಅರ್ಧದಲ್ಲಿ. ಎರಡನ್ನೂ ಸೇರಿಸುವುದು ತಾಮ್ರದ ಗೆರೆಗಳಿರುವ ತೆಳು ಪ್ಲಾಸ್ಟಿಕ್ ಪಟ್ಟಿ. ದಿನಕ್ಕೆ 50 ಸಲ ತೆರೆದರೆ ವರ್ಷಕ್ಕೆ 18,250 ಸಲ ಆ ಪಟ್ಟಿ ಬಾಗುತ್ತದೆ. ಲೋಹದ ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುವುದನ್ನು ನೀವು ಬಲ್ಲಿರಿ. ಫೋನನ್ನು ತೆಳುವಾಗಿಸಿದಷ್ಟೂ ಪಟ್ಟಿ ಬಾಗಲು ಸಿಗುವ ಜಾಗ ಕಡಿಮೆ. ಈ ಮಾದರಿಯ ತೆಳು ಕೀಲಿಹೊದಿಕೆ ಬಿರುಕು ಬಿಡುತ್ತದೆ ಎಂಬ ದೂರೂ ಬಳಕೆದಾರರಿಂದ ಕೇಳಿಬಂದಿತ್ತು. 14 ಮಿ.ಮೀ. ಎಂಬ ಹೆಮ್ಮೆಯ ಅಂಕಿಗೆ ಬೆಲೆ ತೆರಬೇಕಾಗುತ್ತದೆ.

ಎರಡನೆಯದು ತಂತಿ. ಈ ಫೋನಿಗೆ ಸಾಮಾನ್ಯ 3.5 ಮಿ.ಮೀ. ಇಯರ್‌ಫೋನ್ ನೇರವಾಗಿ ಹೊಂದುವುದಿಲ್ಲ. ಚಾರ್ಜರಿಗೂ ಇಯರ್‌ಫೋನಿಗೂ ಕಂಪನಿಯದೇ ಆದ ಅಗಲ ಕಿಂಡಿ ಇದೆ. ಬೇರೆ ಇಯರ್‌ಫೋನ್ ಬೇಕೆಂದರೆ ನಡುವೆ ಇನ್ನೊಂದು ತಂತಿ ಬೇಕು. ನೋಕಿಯಾ 5300ರಲ್ಲಿಯೂ 2.5 ಮಿ.ಮೀ. ಕಿಂಡಿಯಿದ್ದು, ತೊಂದರೆ ಅದೇ. ಹಾಡಿಗೆಂದೇ ಮಾಡಿದ ಉಪಕರಣದಲ್ಲಿ ಇದು ಸಣ್ಣ ದೋಷವಲ್ಲ.

ಮೂರನೆಯದು ಕಾರ್ಡು. ನೋಕಿಯಾ ಮೈಕ್ರೋ ಎಸ್‌ಡಿ ಬಳಸಿದರೆ ಇದು ಮೆಮೊರಿ ಸ್ಟಿಕ್ ಮೈಕ್ರೋ ಬಳಸಿತು. ಮುಂದೆ ಉಳಿದದ್ದು ಮೈಕ್ರೋ ಎಸ್‌ಡಿ. ಕಂಪನಿಯೇ ದಾರಿ ಬದಲಿಸಿದ್ದು ಇದಕ್ಕೆ ಸಾಕ್ಷಿ: 2009ರ ಡಬ್ಲ್ಯು995 ಎಂಬ ವಾಕ್‌ಮನ್ ಸ್ಲೈಡ್ ಫೋನಿನಲ್ಲಿ 3.5 ಮಿ.ಮೀ. ಕಿಂಡಿ ಬಂತು, 2010ರ ಎಕ್ಸ್‌ಪೀರಿಯಾ ಎಕ್ಸ್10ರಲ್ಲಿ ಮೈಕ್ರೋ ಎಸ್‌ಡಿ ಬಂತು. ಅಷ್ಟರಲ್ಲಿ ಕೊಂಡವರ ಬಳಿ ಹಳೆಯ ತಂತಿ, ಹಳೆಯ ಕಾರ್ಡು ಉಳಿದಿದ್ದವು. ಹಾಡುವ ಶಕ್ತಿ ಇದ್ದೂ ಸರಿಯಾದ ತಂತಿ ಸಿಗದೆ ಮೂಲೆ ಸೇರಿದ ಉಪಕರಣವೂ ವಿದ್ಯುನ್ಮಾನ ತ್ಯಾಜ್ಯವೇ. ಎಲ್ಲ ಫೋನುಗಳಿಗೂ ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಇರಬೇಕೆಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿ ಜಾರಿಗೆ ಬರಲು 2024ರ ಡಿಸೆಂಬರ್ ವರೆಗೆ ಕಾಯಬೇಕಾಯಿತು.

ಕೊನೆಯ ಜೋಡಣೆ: ಕಿವಿ

ಹಾಡು ಕಡೆಗೆ ಸೇರುವುದು ಕಿವಿಯನ್ನು. ಕಾರ್ಡು ಹೋದರೆ ಇನ್ನೊಂದು ತರಬಹುದು. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಕೇಳಬಹುದು. ಸದ್ದು ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧಕ್ಕಿಳಿಯಬೇಕು: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಆದರೆ ಫೋನ್ ತೋರಿಸುತ್ತಿದ್ದುದು ಏರಿಳಿಯುವ ಪಟ್ಟಿಯನ್ನು ಮಾತ್ರ. ಹೆಜ್ಜೆಯನ್ನು ಎಣಿಸುತ್ತಿದ್ದ ಉಪಕರಣ ಕಿವಿಗೆ ಬಿದ್ದ ಸದ್ದನ್ನು ಎಣಿಸುತ್ತಿರಲಿಲ್ಲ. ಕೇಳುವವರಿಗೆ ಅದರ ಲೆಕ್ಕ ತೋರಿಸಬೇಕೆಂದು ಆ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಜಂಟಿ ಮಾನಕವನ್ನು ಪ್ರಕಟಿಸಿದ್ದು 2019ರಲ್ಲಿ. ಬಸ್ಸಿನ ಗದ್ದಲವನ್ನು ಮೀರಿಸಲು ಸದ್ದು ಏರಿಸುವ ಅಭ್ಯಾಸ ನಿಮಗಿದ್ದರೆ ಈ ಲೆಕ್ಕವನ್ನು ಮರೆಯಬೇಡಿ.

ಒಟ್ಟಿನಲ್ಲಿ, ಡಬ್ಲ್ಯು580 ಒಳಗಿನ ಕೆಲಸದಲ್ಲಿ ಗೆದ್ದು, ಹೊರಗಿನ ನಂಟಿನಲ್ಲಿ ಸೋತ ಫೋನ್. ಮುಂದಿನ ಬಾರಿ ಯಾವುದೇ ಉಪಕರಣ ಕೊಳ್ಳುವಾಗ ಮೆಗಾಪಿಕ್ಸೆಲ್, ಗಿಗಾಬೈಟ್‌ಗಳನ್ನು ಆಮೇಲೆ ನೋಡಿ. ಇದರ ತಂತಿ ಬೇರೆ ಅಂಗಡಿಯಲ್ಲೂ ಸಿಗುವುದೇ, ಬ್ಯಾಟರಿ ಬದಲಿಸಬಹುದೇ, ಸದ್ದಿಗೆ ಮಿತಿ ಹಾಕಬಹುದೇ ಎಂದು ಮೊದಲು ಕೇಳಿ. ಇನ್ನು, ಖಾನೆಯಲ್ಲಿರುವ ಆ ಹಳೆಯ ಫೋನು? ಅದು ಇನ್ನೂ ಚಾರ್ಜ್ ಆಗುತ್ತಿದ್ದರೆ ತರಗತಿಗೆ ಒಯ್ಯಿರಿ, ಹೆಜ್ಜೆ ಎಣಿಸಲಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಬಿಚ್ಚುವ ಸಾಹಸ ಬೇಡ; ಕಸದ ಬುಟ್ಟಿಗೂ ಹಾಕದೆ, ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.