250 ಎಂಬ ಅನುಮಾನದ ಸಂಖ್ಯೆ

ಮಿದುಳಿನ ಅಲೆಗಳ ಅಳತೆಪಟ್ಟಿಯನ್ನು ಯಾರಾದರೂ ಮುಂದಿಟ್ಟರೆ ನನ್ನ ಕಣ್ಣು ಮೊದಲು ಹುಡುಕುವುದು 250 ಎಂಬ ಸಂಖ್ಯೆಯನ್ನು. ಪಿ300 ಅಲೆಯ ಶಿಖರವನ್ನು 250ರಿಂದ 500 ಮಿಲಿಸೆಕೆಂಡಿನ ನಡುವೆ ಹುಡುಕು ಎಂದು ಸಾಫ್ಟ್‌ವೇರ್‌ಗೆ ಹೇಳಿದ್ದರೆ, ಪಟ್ಟಿಯಲ್ಲಿ ಮೂರು ನಾಲ್ಕು ಜನರ ಶಿಖರ ಕರಾರುವಾಕ್ಕಾಗಿ 250ಕ್ಕೇ ಬಂದು ನಿಂತಿರುವುದುಂಟು. ಅಷ್ಟು ಜನರ ಮಿದುಳು ಗಡಿಯಾರ ನೋಡಿಕೊಂಡು ಕೆಲಸ ಮಾಡಿತೇ? ಇಲ್ಲ. 200 ಮಿಲಿಸೆಕೆಂಡಿನ ಸುಮಾರಿಗೆ ಏಳುವ ಪಿ2 ಎಂಬ ಇನ್ನೊಂದು ಅಲೆ ಆಗಿನ್ನೂ ಇಳಿಯುತ್ತಿರುತ್ತದೆ. ಆ ಇಳಿಜಾರಿನ ಮೇಲೆ ನಮ್ಮ ಗಡಿ ಬಿದ್ದಿರುತ್ತದೆ. ಕೊಟ್ಟ ಅವಧಿಯಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದೆಂದು ಕೇಳಿದೆವು, ಸಾಫ್ಟ್‌ವೇರ್ ಹುಡುಕಿ ಕೊಟ್ಟಿತು. ಅದನ್ನು ಶಿಖರವೆಂದು ಓದಿಕೊಂಡವರು ನಾವು.

ಹೊಸ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ತಲೆಯ ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿದರೆ ಸಿಗುವ ಇಇಜಿ ಎಂದರೆ ಹತ್ತಾರು ಮೈಕ್ರೋವೋಲ್ಟ್‌ಗಳ ಎಡೆಬಿಡದ ಏರಿಳಿತ. ಜರ್ಮನಿಯ ಯೇನಾ ಊರಿನಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಅದನ್ನು ಮನುಷ್ಯರಲ್ಲಿ ಮೊದಲ ಬಾರಿಗೆ ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಒಂದು ಸದ್ದಿಗೆ ಮಿದುಳು ಕೊಡುವ ಉತ್ತರ ಆ ಏರಿಳಿತದ ನಡುವೆ ಕೆಲವೇ ಮೈಕ್ರೋವೋಲ್ಟ್‌ನಷ್ಟು, ಹಾಗಾಗಿ ಬರಿಗಣ್ಣಿಗೆ ಕಾಣದು. ಅದೇ ಸದ್ದನ್ನು ಮತ್ತೆ ಮತ್ತೆ ಕೇಳಿಸಿ, ಪ್ರತಿಸಲದ ದಾಖಲೆಯನ್ನೂ ಸದ್ದಿನ ಕ್ಷಣಕ್ಕೆ ಹೊಂದಿಸಿ ಸರಾಸರಿ ತೆಗೆದರೆ ಸಂಬಂಧವಿಲ್ಲದ ಗದ್ದಲ ತಗ್ಗುತ್ತದೆ, ಉತ್ತರ ಉಳಿಯುತ್ತದೆ. ಲಂಡನ್ನಿನ ಜಾರ್ಜ್ ಡಾಸನ್ 1950ರ ದಶಕದ ಆರಂಭದಲ್ಲಿ ಈ ಕೆಲಸವನ್ನು ತಿರುಗುವ ಸ್ವಿಚ್ಚು, ಸಾಲು ಕೆಪಾಸಿಟರುಗಳ ಯಂತ್ರದಿಂದ ಮಾಡಿಸಿದರು. ಕಂಪ್ಯೂಟರಿನ ಹಂಗಿಲ್ಲದ ಆ ಯಂತ್ರದ ಮೇಲೆ ನನಗೆ ವಿಶೇಷ ಅಕ್ಕರೆ. ಆದರೆ ಗದ್ದಲ ತಗ್ಗುವ ಲೆಕ್ಕ ಮಾತ್ರ ಬಲು ಜಿಪುಣ: ನೂರು ಸಲ ಕೇಳಿಸಿದರೆ ಹತ್ತನೇ ಒಂದು ಪಾಲಾಗುತ್ತದೆ. ಅದನ್ನು ಇನ್ನೂ ಅರ್ಧ ಮಾಡಬೇಕೆಂದರೆ ನಾನೂರು ಸಲ ಬೇಕು.

ಪಿ300 ಬೆಳಕಿಗೆ ಬಂದದ್ದು 1965ರಲ್ಲಿ. ಸ್ಯಾಮ್ಯುಯೆಲ್ ಸಟ್ಟನ್ ಮತ್ತು ಸಂಗಡಿಗರು ಮುಂದೆ ಬರುವುದು ಸದ್ದೋ ಬೆಳಕೋ ಎಂಬ ಅನಿಶ್ಚಿತತೆಯಲ್ಲಿ ಜನರನ್ನು ಇಟ್ಟಾಗ, ಸುಮಾರು 300 ಮಿಲಿಸೆಕೆಂಡಿಗೆ ಒಂದು ದೊಡ್ಡ ಪಾಸಿಟಿವ್ ಅಲೆ ಎದ್ದಿತು. ಹೆಸರು ಅಂಟಿಕೊಂಡಿತು, ಹೊತ್ತು ಮಾತ್ರ ಅಂಟಿಕೊಳ್ಳಲಿಲ್ಲ. ಕಣ್ಣಿಗೆ ಸಂಬಂಧಿಸಿದ ಪ್ರಯೋಗಗಳಲ್ಲಿ ಅದು 400 ದಾಟುವುದು ಮಾಮೂಲು. ವಯಸ್ಸಾದಂತೆ ಇನ್ನೂ ತಡವಾಗುತ್ತದೆ. ಸಾಲದ್ದಕ್ಕೆ ಅದು ಒಂದೇ ಅಲೆಯೂ ಅಲ್ಲ. ನೆತ್ತಿಯ ಮುಂಭಾಗದಲ್ಲಿ ಮೇಲೇಳುವ ಪಿ3ಎ, ಹಿಂಭಾಗದ ಪಿ3ಬಿ ಒಂದರ ಮೇಲೊಂದು ಮಲಗಿರುತ್ತವೆ. ತೆರೆಯ ಮೇಲೆ ಕಾಣುವ ತುದಿ ಹಲವು ಅಲೆಗಳ ಮೊತ್ತ. ಪಕ್ಕದ ಅಲೆ ಕೊಂಚ ಹಿಗ್ಗಿದರೂ ತುದಿ ಆಚೀಚೆ ಸರಿಯುತ್ತದೆ, ಅಳೆಯಬೇಕಾದ ಅಲೆ ಮಾತ್ರ ಇದ್ದಲ್ಲೇ ಇರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾವು ತುದಿಯನ್ನೇ ಏಕೆ ಅಳೆಯುತ್ತೇವೆ? ಕಾಗದ, ಸ್ಕೇಲು, ಪೆನ್ಸಿಲ್ಲುಗಳ ಕಾಲದಲ್ಲಿ ಅಳೆಯಲು ಸುಲಭವಾಗಿದ್ದದ್ದು ಅದೊಂದೇ, ಅಭ್ಯಾಸ ಉಳಿಯಿತು. ಈಗ ಹಾಗೇನಿಲ್ಲ. ಆರ್ನೋ ಡೆಲೋರ್ಮ್ ಮತ್ತು ಸ್ಕಾಟ್ ಮೇಕಿಗ್ 2004ರಲ್ಲಿ ಪ್ರಕಟಿಸಿದ ಇಇಜಿಲ್ಯಾಬ್, ಅದರ ಮೇಲೆ ಹೇವಿಯರ್ ಲೋಪೆಸ್-ಕಾಲ್ಡೆರೋನ್ ಮತ್ತು ಸ್ಟೀವ್ ಲಕ್ ಕಟ್ಟಿದ ಇಆರ್‌ಪಿಲ್ಯಾಬ್ ಎರಡೂ ಉಚಿತ ಸಾಫ್ಟ್‌ವೇರ್‌ಗಳು. ಇಆರ್‌ಪಿಲ್ಯಾಬ್‌ನ ಅಳತೆಯ ಮೆನುವಿನಲ್ಲಿ ಬರಿಯ ಶಿಖರವಷ್ಟೇ ಅಲ್ಲ, ಸ್ಥಳೀಯ ಶಿಖರವಿದೆ, ಅವಧಿಯ ಸರಾಸರಿ ಎತ್ತರವಿದೆ, ವಿಸ್ತೀರ್ಣವಿದೆ, ವಿಸ್ತೀರ್ಣ ಅರ್ಧಕ್ಕೆ ಬರುವ ಹೊತ್ತೂ ಇದೆ. ಸ್ಥಳೀಯ ಶಿಖರವೆಂದರೆ ಎರಡೂ ಬದಿಯ ನೆರೆಬಿಂದುಗಳ ಸರಾಸರಿಗಿಂತ ಎತ್ತರವಿರುವ ಬಿಂದು. ಈ ಒಂದು ಷರತ್ತು ಹಾಕಿದರೆ ಮೊದಲು ಹೇಳಿದ 250ರ ಮೋಸ ಬಹುಮಟ್ಟಿಗೆ ನಿಲ್ಲುತ್ತದೆ. ಗದ್ದಲದ ಮೋಸ ಮಾತ್ರ ನಿಲ್ಲುವುದಿಲ್ಲ.

ಆ ಮೋಸವನ್ನು ಸ್ವಲ್ಪ ಬಿಡಿಸಿ ನೋಡೋಣ. ಪಿ300 ಪ್ರಯೋಗದಲ್ಲಿ ಸಾಮಾನ್ಯವಾಗಿ ಐದರಲ್ಲಿ ಒಂದು ಸದ್ದು ಅಪರೂಪದ್ದು, ಉಳಿದ ನಾಲ್ಕು ಮಾಮೂಲಿನವು. ಎಂದರೆ ಮಾಮೂಲಿನ ಸರಾಸರಿಯಲ್ಲಿ ನಾಲ್ಕು ಪಟ್ಟು ದಾಖಲೆಗಳಿವೆ. ಅಪರೂಪದ ಸರಾಸರಿಯಲ್ಲಿ ಗದ್ದಲ ಎರಡು ಪಟ್ಟು ಉಳಿದಿದೆ. ಒಂದು ದಾಖಲೆಯ ಗದ್ದಲ 20 ಮೈಕ್ರೋವೋಲ್ಟ್ ಎಂದಿಟ್ಟುಕೊಳ್ಳಿ. 80 ಅಪರೂಪದ ಸದ್ದುಗಳ ಸರಾಸರಿಯಲ್ಲಿ ಅದು 2.2ಕ್ಕೆ ಇಳಿಯುತ್ತದೆ, 320 ಮಾಮೂಲಿನ ಸದ್ದುಗಳಲ್ಲಿ 1.1ಕ್ಕೆ. ಅತಿ ಎತ್ತರದ ಬಿಂದುವನ್ನೇ ಆರಿಸುವ ವಿಧಾನ ಗದ್ದಲದ ಮೇಲ್ಮುಖ ಉಬ್ಬುಗಳನ್ನು ಆಯ್ದು ಸೇರಿಸಿಕೊಳ್ಳುತ್ತದೆ, ಕೆಳಮುಖದ ತಗ್ಗುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಮಿದುಳಿಗೆ ಎರಡು ಸದ್ದುಗಳ ನಡುವೆ ವ್ಯತ್ಯಾಸವೇ ತಿಳಿಯದಿದ್ದರೂ ಅಪರೂಪದ ಶಿಖರವೇ ಎತ್ತರವೆಂದು ಪಟ್ಟಿ ಹೇಳುವ ಸಾಧ್ಯತೆ ಹೆಚ್ಚು. 300ರಿಂದ 600ರವರೆಗಿನ ಇಡೀ ಅವಧಿಯ ಸರಾಸರಿ ಎತ್ತರ ತೆಗೆದರೆ ಉಬ್ಬುತಗ್ಗುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ದಾಖಲೆ ಕಡಿಮೆಯಿದ್ದರೆ ಅಳತೆ ಹೆಚ್ಚು ತೂಗಾಡೀತು, ಆದರೆ ಒಂದೇ ಕಡೆಗೆ ವಾಲದು.

ಶಿಖರದ ಎರಡನೆಯ ತಕರಾರು ಹೊತ್ತಿನದ್ದು. ಪಿ300 ಪ್ರತಿಸಲವೂ ಅದೇ ಮಿಲಿಸೆಕೆಂಡಿಗೆ ಬರುವುದಿಲ್ಲ. ಭಜನೆಯಲ್ಲಿ ಎಲ್ಲರೂ ಒಟ್ಟಿಗೆ ತಾಳ ತಟ್ಟಿದರೆ ಒಂದೇ ಗಟ್ಟಿ ಸದ್ದು, ಒಬ್ಬೊಬ್ಬರು ಒಂದೊಂದು ಗಳಿಗೆಗೆ ತಟ್ಟಿದರೆ ಅಷ್ಟೇ ಕೈಗಳ ಸದ್ದು ಹರಡಿ ಮೆತ್ತಗಾಗುತ್ತದೆ. ಸರಾಸರಿಯಲ್ಲೂ ಹಾಗೇ. ವೃದ್ಧರ ಅಥವಾ ರೋಗಿಗಳ ಗುಂಪಿನಲ್ಲಿ ಶಿಖರ ತಗ್ಗಿದೆ ಎಂಬ ವಾಕ್ಯ ಓದಿದಾಗಲೆಲ್ಲ ನಾನು ಹಾಳೆ ತಿರುಗಿಸಿ ವಿಸ್ತೀರ್ಣದ ಅಂಕಿ ಹುಡುಕುತ್ತೇನೆ. ಅಲೆ ನಿಜವಾಗಿ ಕುಗ್ಗಿತೇ, ಇಲ್ಲವೇ ಹೊತ್ತು ಚದುರಿತೇ ಎಂಬುದನ್ನು ತುದಿಯೊಂದೇ ಹೇಳಲಾರದು. ಮಿದುಳಿನ ವೇಗ ಅಳೆಯಬೇಕಿದ್ದರೂ ಶಿಖರದ ಹೊತ್ತಿಗಿಂತ ವಿಸ್ತೀರ್ಣ ಅರ್ಧವಾಗುವ ಹೊತ್ತೇ ನನಗೆ ಪ್ರಿಯ. ಚಪ್ಪಟೆ ತಲೆಯ ಅಲೆಯಲ್ಲಿ ತುದಿ ಎಲ್ಲಿದೆ ಎಂಬುದನ್ನು ನಿರ್ಧರಿಸುವುದು ಗದ್ದಲವೇ ತಾನೆ?

ನಡುವೆ ಒಂದು ಸಣ್ಣ ಎಚ್ಚರಿಕೆ: ಹಳೆಯ ಪ್ರಯೋಗಶಾಲೆಗಳ ಗ್ರಾಫುಗಳಲ್ಲಿ ನೆಗೆಟಿವ್ ಮೇಲಕ್ಕಿರುತ್ತದೆ. ಅಕ್ಷ ನೋಡದೆ ಶಿಖರ ಮೆಚ್ಚಬೇಡಿ, ಅದು ಕಣಿವೆಯಾಗಿದ್ದೀತು.

ಅವಧಿಯನ್ನು ಯಾವಾಗ ಆರಿಸುತ್ತೀರಿ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಗ್ರಾಫು ನೋಡಿ, ಎಲ್ಲಿ ಎರಡು ಗೆರೆಗಳು ಚೆನ್ನಾಗಿ ಅಗಲಿವೆಯೋ ಅಲ್ಲೇ ಅವಧಿ ಹಾಕಿ, ಅದೇ ಎಲೆಕ್ಟ್ರೋಡು ಆರಿಸಿದರೆ ಬರಿಯ ಗದ್ದಲದಿಂದಲೂ ಗೆಲುವಿನ ಅಂಕಿ ಹುಟ್ಟಿಸಬಹುದು. ಸ್ಟೀವ್ ಲಕ್ ಮತ್ತು ನಿಕೊಲಸ್ ಗ್ಯಾಸ್ಪೆಲಿನ್ 2017ರ ಲೇಖನವೊಂದರಲ್ಲಿ ಇದನ್ನು ಮಾಡಿಯೇ ತೋರಿಸಿದರು, ಅದೂ ತುಂಟ ಶೀರ್ಷಿಕೆಯೊಂದಿಗೆ. ಅವಧಿಯನ್ನು ಮೊದಲೇ ಬರೆದಿಟ್ಟು ಆಮೇಲೆ ಗ್ರಾಫು ತೆರೆಯುವವರ ಅಳತೆ ನೀರಸವಾಗಿ ಕಂಡೀತು, ನನ್ನ ಮತ ಅವರಿಗೇ.

ಇದೆಲ್ಲ ಪ್ರಯೋಗಶಾಲೆಯೊಳಗಿನ ಮಡಿವಂತಿಕೆ ಎನ್ನುವಂತಿಲ್ಲ. ಈ ಅಲೆ ನ್ಯಾಯಾಲಯದ ಮೆಟ್ಟಿಲೂ ಹತ್ತಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಾಗ, ಒತ್ತಾಯದಿಂದ ಮಾಡಬಾರದೆಂದ ಮೂರು ಪರೀಕ್ಷೆಗಳಲ್ಲಿ ನಾರ್ಕೋ, ಪಾಲಿಗ್ರಾಫ್‌ಗಳ ಜೊತೆ, ಅಪರಾಧದ ವಿವರ ಆರೋಪಿಗೆ ಪರಿಚಿತವೇ ಎಂದು ನೋಡುವ ಪಿ300 ಅಲೆಯ ಪರೀಕ್ಷೆಯೂ ಇತ್ತು. ತೀರ್ಪಿನ ಆಧಾರ ಆರೋಪಿಯ ಮೌನದ ಹಕ್ಕು ಮತ್ತು ವೈಯಕ್ತಿಕ ಸ್ವಾತಂತ್ರ್ಯ. ಅತ್ತ ಅಮೆರಿಕದ ಸಂಶೋಧಕರ ನಡುವಿನ ಜಗಳ ಅಳತೆಯದ್ದೇ. ಲಾರೆನ್ಸ್ ಫಾರ್ವೆಲ್ ಅಲೆಗಳ ಆಕಾರದ ಹೋಲಿಕೆ ನೋಡುತ್ತಿದ್ದರು. ಪೀಟರ್ ರೋಸೆನ್‌ಫೆಲ್ಡ್ ಪಾಸಿಟಿವ್ ತುದಿಯಿಂದ ಅದರ ಹಿಂದೆಯೇ ಬರುವ ನೆಗೆಟಿವ್ ಕುಳಿಯವರೆಗಿನ ಎತ್ತರ ಅಳೆದರು, ಒಬ್ಬೊಬ್ಬರನ್ನೇ ಪತ್ತೆಹಚ್ಚುವಾಗ ಅದು ಹೆಚ್ಚು ಗುರಿ ಮುಟ್ಟುತ್ತದೆ ಎಂದರು. ತುದಿಯ ವಿರುದ್ಧ ಇಷ್ಟೆಲ್ಲ ಹೇಳಿದ ನನಗೆ ಇದು ಮುಜುಗರದ ಸಂಗತಿಯೇ. ಒಂದೇ ಸಮಾಧಾನ, ಆ ಕುಳಿಯ ಆಳ ಯಾವ ಫಿಲ್ಟರ್ ಹಾಕಿದ್ದೀರಿ ಎಂಬುದನ್ನೂ ಅವಲಂಬಿಸುತ್ತದೆ.

ತುದಿಗೆ ಪೂರ್ತಿ ಮಾನ ಸಲ್ಲುವ ಜಾಗವೂ ಒಂದಿದೆ. ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಕರೆದೊಯ್ದ ಮನೆಗಳಿಗೆ ಪರಿಚಿತ. ಅಲ್ಲಿ ಸದ್ದಾದ 10 ಮಿಲಿಸೆಕೆಂಡಿನೊಳಗೆ ಶ್ರವಣ ನರ ಮತ್ತು ಮಿದುಳಕಾಂಡದಿಂದ ಏಳುವ ಚೂಪು ಅಲೆಗಳಿಗೆ ರೋಮನ್ ಅಂಕಿಗಳ ಹೆಸರು. ಅವು ಒಂದು ಮೈಕ್ರೋವೋಲ್ಟ್‌ಗೂ ಕಡಿಮೆ, ಆದರೆ ಸಾವಿರಾರು ಕ್ಲಿಕ್ಕುಗಳ ಸರಾಸರಿಯಲ್ಲಿ ಗದ್ದಲ ನೆಲಕಚ್ಚಿರುತ್ತದೆ, ಹೊತ್ತೂ ಚದುರುವುದಿಲ್ಲ. ಗಟ್ಟಿ ಸದ್ದಿಗೆ ವಯಸ್ಕರಲ್ಲಿ ಐದನೆಯ ಅಲೆ ಸುಮಾರು 5.5 ಮಿಲಿಸೆಕೆಂಡಿಗೆ ಬರುತ್ತದೆ. ಸದ್ದು ಇಳಿಸಿದಂತೆ ಅದು ತಡವಾಗುತ್ತಾ, ತಗ್ಗುತ್ತಾ, ಕಡೆಗೆ ಕಾಣೆಯಾಗುತ್ತದೆ. ಶಿಖರಕ್ಕೆ ಸಾಫ್ಟ್‌ವೇರ್ ತಾನೇ ಗುರುತು ಹಾಕಿಕೊಟ್ಟರೂ ಅನುಭವಿ ಆಡಿಯಾಲಜಿಸ್ಟರು ಅದೇ ಸದ್ದಿಗೆ ಎರಡನೆಯ ಸಲ ದಾಖಲಿಸುತ್ತಾರೆ. ಎರಡೂ ಗೆರೆಗಳು ಒಂದರ ಮೇಲೊಂದು ಕೂತರೆ ಮಾತ್ರ ಅದನ್ನು ಐದನೆಯ ಅಲೆ ಎಂದು ಬರೆಯುತ್ತಾರೆ.