ಕೆಡಹುವ ಆಟದ ಏಳುಬೀಳು: ‘ರೆಡ್ ಫ್ಯಾಕ್ಷನ್’

ನೀತಿವಿಚಾರದ ಲೇಖನಗಳಲ್ಲಿ ವಿಡಿಯೋ ಆಟಗಳ ಹೆಸರು ಬರುವುದು ಬಹುಮಟ್ಟಿಗೆ ಖಂಡನೆಗಾಗಿಯೇ. ಅದರಲ್ಲೂ ಕೆಡಹುವುದನ್ನೇ ಕಸುಬಾಗಿ ಉಳ್ಳ ಆಟವನ್ನು ವಿಮರ್ಶೆಗೆ ಎತ್ತಿಕೊಂಡರೆ ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಅಮೆರಿಕದ ಇಲಿನಾಯ್ ರಾಜ್ಯದ ವೊಲಿಷನ್ ಸಂಸ್ಥೆ 2009ರಲ್ಲಿ ಹೊರತಂದ ‘ರೆಡ್ ಫ್ಯಾಕ್ಷನ್: ಗೆರಿಲ್ಲಾ’ ಗಂಭೀರ ಪರಿಶೀಲನೆಗೆ ಅರ್ಹವಾದುದು. ಅದರ ಮುಂದಿನ ಭಾಗ ಸೋತ ಬಗೆಯೂ ಅಷ್ಟೇ ವಿಚಾರಣೀಯ.

ಈ ಮಾಲೆ ಮೊದಲಾದುದು 2001ರಲ್ಲಿ. ಮಂಗಳಗ್ರಹದ ಗಣಿಕಾರ್ಮಿಕರು ದಬ್ಬಾಳಿಕೆಯ ಕಂಪೆನಿಯ ವಿರುದ್ಧ ದಂಗೆಯೇಳುವ ಆ ಕಥೆಯಲ್ಲಿ ಬಂಡೆ ಸಿಡಿಸಿ ಸುರಂಗ ತೋಡುವ ಅವಕಾಶವಿತ್ತು. 2002ರ ಎರಡನೆಯ ಆಟ ಭೂಮಿಗೆ ಇಳಿಯಿತು; ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

‘ಗೆರಿಲ್ಲಾ’ ಮಂಗಳಕ್ಕೆ ಮರಳಿದುದು ತೆರೆದ ಬಯಲಿಗೆ. ಸೋದರನನ್ನು ಭೂಮಿಯ ಸೈನ್ಯ ಕೊಂದ ಬಳಿಕ ಅಲೆಕ್ ಮೇಸನ್ ಎಂಬ ಗಣಿಗಾರ ದೊಡ್ಡ ಸುತ್ತಿಗೆ ಹಿಡಿದು ಬಂಡಾಯಗಾರರನ್ನು ಸೇರುತ್ತಾನೆ. ಕಥೆ ತೆಳುವಾದುದೇ. ಆದರೆ ಇಲ್ಲಿ ಕಟ್ಟಡವೆಂಬುದು ಬಣ್ಣ ಬಳಿದ ಪರದೆಯಲ್ಲ. ಪ್ರತಿಯೊಂದಕ್ಕೂ ಕಂಬ, ತೊಲೆ, ಭಾರಗಳುಂಟು. ಯಾವ ಭಾಗದ ಮೇಲೆ ಎಷ್ಟು ಹೊರೆಯೆಂಬುದನ್ನು ಯಂತ್ರ ಲೆಕ್ಕ ಹಾಕುತ್ತಲೇ ಇರುತ್ತದೆ. ಒಂದು ಮೂಲೆಯ ಆಧಾರ ಮುರಿದರೆ ಗೋಪುರ ಕ್ಷಣಕಾಲ ನರಳಿ, ವಾಲಿ, ಪಕ್ಕದ ಮನೆಯ ಮೇಲೆ ಉರುಳೀತು. ರಚನಕಾರರು ಮೊದಲಲ್ಲಿ ಕಣ್ಣಿಗೆ ಚೆಂದವಾಗಿ ರೂಪಿಸಿದ ಕಟ್ಟಡಗಳು ತಮ್ಮ ಭಾರಕ್ಕೆ ತಾವೇ ಕುಸಿದುದರಿಂದ ಅವರು ನಿಜವಾದ ವಾಸ್ತುವಿನ ನಿಯಮಗಳನ್ನು ಅನುಸರಿಸಬೇಕಾಯಿತಂತೆ. ಕೆಡಹುವುದಕ್ಕಾಗಿ ಕಟ್ಟುವವನೂ ಸರಿಯಾಗಿಯೇ ಕಟ್ಟಬೇಕೆಂಬ ಈ ನಿರ್ಬಂಧವೇ ಆಟದ ಸತ್ವ.

ಎರಡನೆಯ ಗುಣ ಅದರ ಜಮಾಖರ್ಚು. ಬಿದ್ದ ಗೋಡೆಯಿಂದ ಆಯ್ದ ಲೋಹದ ಚೂರೇ ಇಲ್ಲಿ ನಾಣ್ಯ. ಅದರಿಂದಲೇ ಹೊಸ ಉಪಕರಣ ಕೊಳ್ಳಬೇಕು. ಆಟಗಾರನ ಕೈಯಿಂದ ನಾಗರಿಕನೊಬ್ಬ ಸತ್ತರೆ ಆ ಪ್ರಾಂತದ ಜನರ ಸ್ಥೈರ್ಯ ಇಳಿಯುತ್ತದೆ. ಒತ್ತೆಯಾಳುಗಳನ್ನು ಬಿಡಿಸಿದರೆ ಏರುತ್ತದೆ. ಪರದೆಯ ಬೊಂಬೆಗೆಂತಹ ಪ್ರಾಣವೆಂದು ನಗುವವರಿದ್ದಾರೆ. ಆಟವೇ ಆ ಸಾವನ್ನು ಖರ್ಚಿನ ಬದಿಯಲ್ಲಿ ಬರೆದುಕೊಳ್ಳುವಾಗ ನಾವು ನಗುವುದು ತರವಲ್ಲ. ಆದರೆ ಸೈನಿಕನ ಸಾವಿಗೆ ಈ ಪುಸ್ತಕದಲ್ಲಿ ಖಾತೆಯೇ ಇಲ್ಲ. ಆ ಕುರುಡನ್ನು ಮಾತ್ರ ನಾನು ಮನ್ನಿಸಲಾರೆ.

2011ರ ಜೂನ್‌ನಲ್ಲಿ ‘ಆರ್ಮಗೆಡ್ಡಾನ್’ ಬಂದಿತು. ಮಂಗಳದ ಮೇಲ್ಮೈ ಬಿರುಗಾಳಿಗೆ ಹಾಳಾಗಿ ಜನ ನೆಲದಡಿ ಸೇರಿದ್ದಾರೆ. ನಾಯಕ ಅಲೆಕ್‌ನ ಮೊಮ್ಮಗ. ಶತ್ರುಗಳು ಕೀಟಸದೃಶ ಜೀವಿಗಳು. ಬಯಲು ಹೋಗಿ ಸುರಂಗ ಬಂದುದರಿಂದ, ಎಲ್ಲಿಂದ ಬರುವುದು, ಯಾವ ಕಂಬ ಮೊದಲು ಎಂಬ ವಿವೇಚನೆಗೆ ಎಡೆ ತಪ್ಪಿತು. ಮುರಿದ ಮೆಟ್ಟಿಲು ಗುಂಡಿ ಒತ್ತಿದೊಡನೆ ಮರಳಿ ಕೂಡಿಕೊಳ್ಳುತ್ತದೆ. ಯಂತ್ರಕೌಶಲವೆಂದು ನೋಡಿದರೆ ಇದು ಬೆರಗಿನದೇ, ಅಲ್ಲಗಳೆಯೆನು. ಆದರೆ ಕೆಟ್ಟುದು ಬೆವರಿಲ್ಲದೆ ಸರಿಯಾಗುವಲ್ಲಿ ಕೆಡಿಸುವ ಮುನ್ನ ಯೋಚಿಸುವವರಾರು? ಸೋಲಿಗೆ ಸುರಂಗವೊಂದೇ ಕಾರಣವೆಂದು ಹಲವರು ಬರೆದರು. ನನ್ನ ಮತದಲ್ಲಿ ಈ ಪುಕ್ಕಟೆ ದುರಸ್ತಿಯ ಪಾಲೂ ಸಣ್ಣದಲ್ಲ.

ಪ್ರಕಾಶಕ ಸಂಸ್ಥೆಯಾದ ಟಿಎಚ್‌ಕ್ಯೂ ಈ ಹೆಸರನ್ನು ದೊಡ್ಡದಾಗಿ ಬೆಳೆಸಬಯಸಿ ಅದೇ ವರ್ಷ ದೂರದರ್ಶನ ಚಿತ್ರವೊಂದನ್ನೂ ಹೊರಡಿಸಿತ್ತು. ಮಾರಾಟ ಕೈಕೊಟ್ಟಾಗ ಕೆಲವೇ ವಾರಗಳಲ್ಲಿ ಮಾಲೆಯನ್ನು ಕೈಬಿಟ್ಟಿತು. ಯುಡ್ರಾ ಎಂಬ ಚಿತ್ರಫಲಕದ ವ್ಯಾಪಾರದಲ್ಲಿ ಇನ್ನೂ ಭಾರಿ ನಷ್ಟ ತಗುಲಿ, 2012ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. 2013ರ ಹರಾಜಿನಲ್ಲಿ ವೊಲಿಷನ್ ಒಬ್ಬರ ಪಾಲಾಯಿತು, ‘ರೆಡ್ ಫ್ಯಾಕ್ಷನ್’ ಹೆಸರು ನಾರ್ಡಿಕ್ ಗೇಮ್ಸ್ ಪಾಲಾಯಿತು. ಬಿದ್ದ ಮನೆಯ ಸಾಮಾನು ಕೊಂಡವರು ಮನೆಯ ಹೆಸರನ್ನೂ ಕೊಂಡು ಟಿಎಚ್‌ಕ್ಯೂ ನಾರ್ಡಿಕ್ ಎಂದಾದರು. ವ್ಯಾಪಾರಿಯಾದ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

2018ರಲ್ಲಿ ಅವರು ‘ಗೆರಿಲ್ಲಾ’ವನ್ನು ತಿದ್ದಿ ಮರಳಿ ಪ್ರಕಟಿಸಿದರು. ಅದೇ ವರ್ಷ ವೊಲಿಷನ್ನಿನ ಒಡೆಯರನ್ನೂ ಕೊಂಡುದರಿಂದ ಆಟವೂ ಅದನ್ನು ರಚಿಸಿದವರೂ ಒಂದೇ ಸೂರಿನಡಿ ಬಂದರು. ಹೊಸ ಭಾಗವೊಂದು ಮಾತ್ರ ಬರಲಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ ವೊಲಿಷನ್ ಬಾಗಿಲು ಮುಚ್ಚಿತು.